ಹಳ್ಳಿಯ ಬಚ್ಚಲ ನೀರಿನ ಶುದ್ಧೀಕರಣವೂ ಸದುಪಯೋಗವೂ

ಊರಿಗೆ ನೀರನ್ನು ತರುವುದು ಪುಣ್ಯಕಾರ್ಯವೆಂದು ನಮ್ಮ ಹಿರಿಯರು ಭಾವಿಸಿದ್ದರು. ಕೆರೆಯನ್ನು ಕಟ್ಟಿಸಿದವರ ಹೆಸರನ್ನೂ ತೂಬನ್ನು ಇರಿಸಿದವರ ಹೆಸರನ್ನೂ ಕಲ್ಲಿನಲ್ಲಿ ಕೊರೆಯಿಸಿ ನಿಲ್ಲಿಸಿರುವುದನ್ನು ಇಂದಿಗೂ ಅನೇಕ ಗ್ರಾಮಗಳಲ್ಲಿ ಕಾಣಬಹುದು. ಆದರೆ ಹಾಗೆ ಬಂದ ನೀರು ಬಳಕೆಯಾದ ತರುವಾಯ ಎಲ್ಲಿಗೆ ಹೋಗತಕ್ಕದ್ದೆಂಬ ವಿಚಾರವು ಅವರನ್ನು ಅಷ್ಟಾಗಿ ಬಾಧಿಸಲಿಲ್ಲ. ಸೇದುವ ಬಾವಿಯಿಂದ ಹೆಂಗಸರು ಹೊತ್ತು ತರುತ್ತಿದ್ದ ಕೊಡಗಳು ಎಣಿಕೆಗೆ ಸಿಕ್ಕುವಷ್ಟೇ ಇದ್ದುವು. ಬಚ್ಚಲಿನಿಂದ ಹೊರಬಿದ್ದ ಅಲ್ಪ ನೀರು ಹಿತ್ತಲಿನ ಬಾಳೆಯ ಬುಡವನ್ನು ಸೇರಿ ಅಲ್ಲಿಯೇ ಇಂಗಿಹೋಗುತ್ತಿತ್ತು.

ಈಗ ಕಾಲವು ಬೇರೆಯಾಗಿದೆ. ಕೊಳವೆ ಬಾವಿಗಳು ಬಂದ ಮೇಲೆ ನೀರು ಬೀದಿಯ ನಲ್ಲಿಗೆ ಬಂದಿತು. ೨೦೧೯ರ ಆಗಸ್ಟ್ ೧೫ರಂದು ಪ್ರಕಟವಾದ ಜಲ ಜೀವನ್ ಮಿಷನ್ ಯೋಜನೆಯು ಅದನ್ನು ಬೀದಿಯಿಂದ ಮನೆಯೊಳಕ್ಕೆ ತರುವುದನ್ನು ಗುರಿಯಾಗಿಟ್ಟುಕೊಂಡು, ತಲೆಯೊಂದಕ್ಕೆ ದಿನಕ್ಕೆ ೫೫ ಲೀಟರಿನಂತೆ ಪ್ರಮಾಣವನ್ನು ಗೊತ್ತುಮಾಡಿತು. ಇದು ಬಹಳ ಸಂತೋಷದ ಸಂಗತಿಯೇ ಸರಿ. ಆದರೆ ನಲ್ಲಿಯು ಮನೆಗೆ ಬಂದಲ್ಲಿ ಮೋರಿಯೂ ತುಂಬುವುದೆಂಬುದನ್ನು ಎಷ್ಟೋ ಗ್ರಾಮಗಳವರು ಮೊದಲೇ ಯೋಚಿಸಲಿಲ್ಲ. ಊರಿನ ಮೇಲಣ ಮನೆಗಳ ಬಚ್ಚಲ ನೀರು ಬೀದಿಯಲ್ಲಿ ಹರಿದು ತಗ್ಗಿನ ಕೇರಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಕೆರೆಗೆ ಬೀಳುತ್ತದೆ. ತಗ್ಗಿನ ಕೇರಿಯಲ್ಲಿ ಸಾಮಾನ್ಯವಾಗಿ ಬಡವರೇ ಇರುವುದರಿಂದ ಉಳಿದವರಿಗೆ ಅದರ ನಾತವು ಬೇಗ ತಿಳಿಯುವುದಿಲ್ಲ.

ಈ ಲೇಖನದಲ್ಲಿ ವಾಚಕ ಮಹಾಶಯರ ಮುಂದಿಡಬೇಕೆಂದಿರುವ ಮಾತು ಒಂದೇ. ಹಳ್ಳಿಯ ಕೊಳೆ ನೀರನ್ನು ಅದು ಅಲ್ಪವಾಗಿರುವಾಗಲೇ, ಬೇರೆ ಕಲ್ಮಶಗಳೊಡನೆ ಬೆರೆಯುವುದಕ್ಕೆ ಮುಂಚೆಯೇ, ಊರಿನ ಎಲ್ಲೆಯೊಳಗೇ ಶುದ್ಧಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ತಗ್ಗಿನ ನೆಲವನ್ನು ಈಗಲೇ ಕಾದಿರಿಸಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯು ಈ ವಿಷಯಕ್ಕೆ ಸಲ್ಲುವಷ್ಟು ಮತ್ತಾವುದಕ್ಕೂ ಸಲ್ಲದು. ಹೀಗೆ ಹೇಳುವುದಕ್ಕೆ ಕಾರಣವೇನೆಂಬುದನ್ನು ಬೆಂಗಳೂರಿನ ಮಗ್ಗುಲಿನ ಒಂದು ಊರಿನ ನಿದರ್ಶನದಿಂದ ತಿಳಿಸುವೆವು.

ಲಗ್ಗೆರೆಯ ನಿದರ್ಶನ

ಲಗ್ಗೆರೆಯು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಪೀಣ್ಯಕ್ಕೆ ಹೊಂದಿಕೊಂಡಿರುವ ಸ್ಥಳ. ಅದು ಹಿಂದೆ ಬೆಂಗಳೂರು ಸೀಮೆಯ ಇತರ ಗ್ರಾಮಗಳಂತೆ ಒಂದು ಹಳ್ಳಿ. ಅಂಥ ಹಳ್ಳಿಯ ಬಚ್ಚಲ ನೀರಿಗೆ ಅದರ ಹೊಲಗಳೇ ಸಾಕಾಗಿದ್ದುವು. ಮನೆಗಳು ಕೆಲವೇ, ಬಯಲು ಬಹಳ. ೧೯೭೦ರ ದಶಕದಲ್ಲಿ ನೆರೆಯ ಪೀಣ್ಯದಲ್ಲಿ ಕೈಗಾರಿಕಾ ಪ್ರದೇಶವು ಸ್ಥಾಪಿತವಾಯಿತು. ಕೆಲಸವನ್ನರಸಿ ಬಂದ ಜನರಿಗೆ ಮನೆಗಳು ಬೇಕಾದುವು, ಹೊಲಗಳು ನಿವೇಶನಗಳಾದುವು, ಹೊರವರ್ತುಲ ರಸ್ತೆಯೂ ಅಲ್ಲಿಯೇ ಹಾದುಹೋಯಿತು. ಇಂದು ಲಗ್ಗೆರೆಯು ಮನೆಗೆ ಮನೆ ತಾಗಿಕೊಂಡಿರುವ ಜನನಿಬಿಡವಾದ ನಗರಭಾಗ. ಊರಿನ ತಗ್ಗಿನಲ್ಲಿ ನೀರನ್ನು ನಿಲ್ಲಿಸಿ ತಿಳಿಯಾಗಿಸುವುದಕ್ಕೆ ಒಂದು ಕೊಳವನ್ನು ತೋಡಬೇಕೆಂದರೆ ಈಗ ಅಲ್ಲಿ ಜಾಗವನ್ನು ಹುಡುಕುವುದೇ ಪ್ರಯಾಸ.

ಆ ಕಡೆಯ ನೀರು ಇಳಿಯುವುದು ವೃಷಭಾವತಿಯ ಕಣಿವೆಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಹುಟ್ಟುವಳೆಂದು ಜನರು ಹೇಳುವ ಈ ಹೊಳೆಯು ನಗರದ ಪಶ್ಚಿಮ ಭಾಗದ ಕಾಲುವೆಗಳನ್ನೆಲ್ಲ ಸೇರಿಸಿಕೊಂಡು, ಮೈಸೂರು ರಸ್ತೆಯ ಮಗ್ಗುಲಲ್ಲಿ ಕೆಂಗೇರಿಯನ್ನು ದಾಟಿ, ಬಿಡದಿಯ ಸಮೀಪದ ಬೈರಮಂಗಲದ ಕೆರೆಗೆ ಬೀಳುತ್ತದೆ. ಮುಂದೆ ಅರ್ಕಾವತಿಯನ್ನೂ ಅದರ ಮೂಲಕ ಕಾವೇರಿಯನ್ನೂ ಸೇರುತ್ತದೆ. ಹನಿಗೂಡಿದರೆ ಹಳ್ಳವೆಂಬಂತೆ ಮನೆಮನೆಯ ಬಚ್ಚಲ ನೀರು ಕೂಡಿ ಮಳೆಗಾಲದ ಹೊಳೆಯು ವರ್ಷವೆಲ್ಲ ಹರಿಯುವ ಕೊಳೆಯ ಹೊಳೆಯಾಯಿತು. ನಗರದ ನೀರು ಸರಬರಾಜು ಮತ್ತು ಒಳಚರಂಡಿ ಮಂಡಲಿಯು ೧೯೬೪ರಲ್ಲಿ ಏರ್ಪಟ್ಟಿತು; ೧೯೭೦ರ ದಶಕದಲ್ಲಿಯೇ ಈ ಕಣಿವೆಯಲ್ಲಿ ಶುದ್ಧೀಕರಣದ ದೊಡ್ಡ ಸ್ಥಾವರವು ನಿರ್ಮಿತವಾಗಿ, ತರುವಾಯ ವಿಸ್ತಾರಗೊಂಡಿತು. ಆದರೆ ಜನರು ಬಂದಷ್ಟು ಬೇಗ ಕೊಳವೆಗಳು ಬರಲಿಲ್ಲ.

ಇದಕ್ಕಿಂತಲೂ ಕಷ್ಟವಾದ ಇನ್ನೊಂದು ಸಂಗತಿಯುಂಟು. ಮನೆಯ ಕೊಳೆಯು ಕೊಳೆತು ಮಣ್ಣಾಗತಕ್ಕ ವಸ್ತು. ಕಾರ್ಖಾನೆಯ ಕೊಳೆಯು ಹಾಗಲ್ಲ. ಪೀಣ್ಯದ ಅಂತರ್ಜಲದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಮುಂತಾದ ಕೆಲಸಗಳಿಂದ ಇಳಿದ ಕ್ರೋಮಿಯಂ ಎಂಬ ಲೋಹದ ವಿಷರೂಪವು ಕಂಡುಬಂದಿದೆ. ಇಂಥ ಲೋಹಗಳನ್ನು ಯಾವ ಕ್ರಿಮಿಯೂ ತಿಂದು ಕರಗಿಸಲಾರದು. ಅವು ಮಣ್ಣಿನಲ್ಲಿಯೂ ಬೆಳೆಯಲ್ಲಿಯೂ ಕೂಡಿಕೊಳ್ಳುವುವು. ಮನೆಯ ನೀರೂ ಕಾರ್ಖಾನೆಯ ನೀರೂ ಒಂದೇ ಕಾಲುವೆಯಲ್ಲಿ ಬೆರೆತ ಮೇಲೆ ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸುವುದು ಬಹು ವೆಚ್ಚದ ಕೆಲಸ.

ಇದರ ಫಲವನ್ನು ಉಣ್ಣುತ್ತಿರುವವರು ಲಗ್ಗೆರೆಯವರು ಮಾತ್ರವಲ್ಲ; ಎಷ್ಟೋ ಮೈಲಿಗಳ ಕೆಳಗಿರುವ ವ್ಯವಸಾಯಗಾರರು. ಬೈರಮಂಗಲದ ಕೆರೆಯು ೧೯೪೦ರ ದಶಕದಲ್ಲಿ ಬೇಸಾಯಕ್ಕೋಸ್ಕರ ಕಟ್ಟಲ್ಪಟ್ಟಿತು. ಈಗ ಅದರ ಅಚ್ಚುಕಟ್ಟಿನ ರೈತರು ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ ಮುಂತಾದುವನ್ನು ಆ ನೀರಿನಲ್ಲಿಯೇ ಬೆಳೆಯುತ್ತಾರೆ. ನೀರು ನಾರುವುದೆಂದು ಅವರಿಗೆ ತಿಳಿಯದೆ ಇಲ್ಲ. ಅದನ್ನು ಬಿಟ್ಟರೆ ಬೇಸಗೆಯಲ್ಲಿ ಬೇರೆ ನೀರಿಲ್ಲ. ಮೇಲಣ ಊರಿನವರು ತಮ್ಮ ಎಲ್ಲೆಯಲ್ಲಿ ಮಾಡಬೇಕಾಗಿದ್ದ ಕೆಲಸವನ್ನು ಮಾಡದೆ ಬಿಟ್ಟರೆ ಕೆಳಗಣ ಊರಿನವರು ಅದರ ದಂಡವನ್ನು ತೆರಬೇಕಾಗುವುದು. ನಗರಗಳ ಸುತ್ತಲೂ ಹೆದ್ದಾರಿಗಳ ಮಗ್ಗುಲಲ್ಲಿಯೂ ಇರುವ ನೂರಾರು ಗ್ರಾಮಗಳು ಇಂದು ಲಗ್ಗೆರೆಯು ಹಿಂದೊಮ್ಮೆ ಇದ್ದ ಸ್ಥಿತಿಯಲ್ಲಿವೆ. ಅವುಗಳ ಮುಖಂಡರಿಗೆ ಇನ್ನೂ ಅವಕಾಶವುಂಟು.

ನೀರಿನ ಲೆಕ್ಕ

ಕೆಲಸಕ್ಕೆ ಮೊದಲು ಲೆಕ್ಕವಾಗಬೇಕು. ಸಾವಿರ ಜನರಿರುವ ಒಂದು ಗ್ರಾಮವನ್ನು ತೆಗೆದುಕೊಳ್ಳೋಣ. ತಲೆಗೆ ೫೫ ಲೀಟರಿನಂತೆ ದಿನಕ್ಕೆ ೫೫,೦೦೦ ಲೀಟರ್ ನೀರು ಬರುವುದು. ಕುಡಿಯುವುದಕ್ಕೂ ದನಕರುಗಳಿಗೂ ಹೋಗಿ, ಆರಿಹೋಗುವುದೂ ಹೋಗಿ, ಇದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಳಸಿದ ನೀರಾಗಿ ಹೊರಬೀಳುತ್ತದೆಂದು ಇಟ್ಟುಕೊಂಡರೆ ಅದು ೩೬,೦೦೦ ಲೀಟರಿನಷ್ಟಾಯಿತು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಆ ನೀರು ಸುಮಾರು ೧,೦೩,೦೦೦ ಲೀಟರ್ ಆಗುವುದು. ಎಂದರೆ ಈ ಗ್ರಾಮದ ಮೂರು ದಿನಗಳ ಬಚ್ಚಲ ನೀರು ಒಂದು ಎಕರೆಗೆ ಒಂದು ಅಂಗುಲದ ಮಳೆಗೆ ಸಮ. ಅದೂ ಮಾಘ ಫಾಲ್ಗುಣ ಚೈತ್ರಗಳಲ್ಲಿ ತಪ್ಪದೆ ಬೀಳುವ ಮಳೆ. ಇಂಗಿ ಆರಿಹೋಗುವುದನ್ನು ಕಳೆದರೂ ಒಂದೂವರೆ ಎರಡು ಎಕರೆ ಮೇವಿನ ಹುಲ್ಲನ್ನೋ ಮರಗಳನ್ನೋ ವರ್ಷಪೂರ್ತಿ ಹಸಿರಾಗಿ ಇಟ್ಟುಕೊಳ್ಳಬಹುದು.

ಬಯಲುಸೀಮೆಯಲ್ಲಿ ಇಂಥ ನೀರಿನ ಬೆಲೆಯೆಷ್ಟೆಂಬುದಕ್ಕೆ ಕೋಲಾರವೇ ಸಾಕ್ಷಿ. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟದ ಕಣಿವೆಯ ಕೊಳೆ ನೀರನ್ನು ಶುದ್ಧಮಾಡಿ, ದಿನಕ್ಕೆ ೪೪ ಕೋಟಿ ಲೀಟರ್ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಏರಿಸುವ ಯೋಜನೆಯ ನೀರು ೨೦೧೮ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರದ ಕೆರೆಗೆ ಬಂದು ಬಿದ್ದಿತು. ಬತ್ತಿದ್ದ ಕೆರೆಗಳು ತುಂಬಿದುವು; ಅಂತರ್ಜಲವು ಏರಿತು. ಅದರೊಡನೆಯೇ, ನೀರನ್ನು ಎಷ್ಟರಮಟ್ಟಿಗೆ ಶುದ್ಧಮಾಡಬೇಕೆಂಬ ವಿವಾದವೂ ಎದ್ದು ನ್ಯಾಯಾಲಯದವರೆಗೆ ಹೋಯಿತು. ಪಟ್ಟಣದ ನೀರಿಗೆ ಅಷ್ಟು ದೂರದ ಕೊಳವೆಯೂ ಅಷ್ಟು ವಿವಾದವೂ ಬೇಕಾಗಿರುವಲ್ಲಿ, ನಮ್ಮ ಹಳ್ಳಿಯ ನೀರು ನಮ್ಮ ಹೊಲದ ಮಗ್ಗುಲಲ್ಲಿಯೇ ವೃಥಾ ಹರಿದುಹೋಗುವುದು ವಿವೇಕವೇ?

ಕೊಳೆಯು ಕಳೆಯುವ ಬಗೆ

ಕೊಳೆ ನೀರನ್ನು ಶುದ್ಧಮಾಡುವವರು ನಾವಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ನಾವು ಮಾಡತಕ್ಕದ್ದು ಅವುಗಳಿಗೆ ಅನುಕೂಲವನ್ನು ಕಲ್ಪಿಸುವುದಷ್ಟೆ. ನೀರಿನಲ್ಲಿರುವ ಅನ್ನದ ಅಗುಳು, ಜಿಡ್ಡು, ಮೈಕೊಳೆ ಇವೆಲ್ಲ ಅವುಗಳಿಗೆ ಆಹಾರ. ನೀರಿನಲ್ಲಿ ಪ್ರಾಣವಾಯುವು ಸಾಕಷ್ಟಿದ್ದರೆ ಅವು ನಾತವಿಲ್ಲದೆ ಆ ಆಹಾರವನ್ನು ಜೀರ್ಣಿಸಿಬಿಡುವುವು. ಪ್ರಾಣವಾಯುವು ಮುಗಿದರೆ ಬೇರೊಂದು ಜಾತಿಯ ಜೀವಿಗಳು ತಲೆಯೆತ್ತಿ ಕೆಲಸವನ್ನು ಮುಂದುವರಿಸುವುವು. ಆಗ ನೀರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆಯು ಹೊರಡುವುದು. ನೀರಿನ ಕೊಳೆಯನ್ನು ಜೀರ್ಣಿಸುವುದಕ್ಕೆ ಎಷ್ಟು ಪ್ರಾಣವಾಯುವು ಬೇಕೆಂಬುದರ ಮೇಲೆಯೇ ಪರೀಕ್ಷಕರು ಅದರ ಕೊಳೆಯನ್ನು ಅಳೆಯುತ್ತಾರೆ.

ಈ ಶಾಸ್ತ್ರಕ್ಕೂ ಬೆಂಗಳೂರಿಗೂ ಹಳೆಯ ನಂಟುಂಟು. ಕೊಳೆ ನೀರಿಗೆ ಗಾಳಿಯನ್ನೂದಿ, ತಳಕ್ಕಿಳಿದ ಜೀವಂತ ಕೆಸರನ್ನು ಚೆಲ್ಲದೆ ಮತ್ತೆ ಹೊಸ ನೀರಿಗೆ ಬೆರೆಸಿದರೆ ಶುದ್ಧಿಯು ಕೆಲವೇ ಗಂಟೆಗಳಲ್ಲಿ ಆಗುವುದೆಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬುವರು ೧೯೧೪ರಲ್ಲಿ ತೋರಿಸಿದರು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ ಎಂಬ ವಿದ್ವಾಂಸರು ೧೯೧೬ರಲ್ಲಿ ಬೆಂಗಳೂರಿಗೆ ಬಂದು, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅದೇ ಸಂಸ್ಥೆಯ ಸುಬ್ರಹ್ಮಣ್ಯನ್ ಮತ್ತು ಪಿಳ್ಳೈ ಎಂಬುವರು ೧೯೪೦ರ ದಶಕದಲ್ಲಿ, ಆ ಕೆಸರಿನಲ್ಲಿ ಪ್ರೋಟೊಜೋವಾ ಎಂಬ ಅತಿ ಸಣ್ಣ ಪ್ರಾಣಿಗಳು ವಹಿಸುವ ಪಾತ್ರವನ್ನು ಶೋಧಿಸಿ ಪ್ರಕಟಿಸಿದರು. ಇಂದು ಲೋಕದ ದೊಡ್ಡ ಪಟ್ಟಣಗಳಲ್ಲೆಲ್ಲ ಈ ಕ್ರಮವೇ ಹೆಚ್ಚಾಗಿ ನಡೆಯುತ್ತಿದೆ.

ಆದರೆ ಹಳ್ಳಿಗೆ ಈ ಕ್ರಮವು ಹಿಡಿಸುವುದು ಕಷ್ಟ. ಗಾಳಿಯನ್ನೂದುವುದಕ್ಕೆ ಹಗಲಿರುಳು ವಿದ್ಯುಚ್ಛಕ್ತಿಯು ಬೇಕು. ನೋಡಿಕೊಳ್ಳುವುದಕ್ಕೆ ಪರಿಣತರು ಬೇಕು. ವಿದ್ಯುತ್ತು ನಿಂತರೆ ಜೀವಿಗಳು ಸಾಯುವುವು. ಬಿಲ್ಲು ಪಾವತಿಯಾಗದೆ ಯಂತ್ರವು ನಿಂತರೆ ಊರಿನವರಿಗೆ ನಂಬಿಕೆಯೇ ಹೋಗುವುದು. ಪಟ್ಟಣದಲ್ಲಿ ನೆಲವು ದುಬಾರಿಯಾಗಿರುವುದರಿಂದ ಯಂತ್ರವನ್ನು ಇಡುತ್ತಾರೆ. ಹಳ್ಳಿಯಲ್ಲಿ ನೆಲವೂ ಬಿಸಿಲೂ ಇರುವುದರಿಂದ ಅದೇ ಕೆಲಸವನ್ನು ಅವುಗಳಿಂದಲೇ ಮಾಡಿಸಿಕೊಳ್ಳಬಹುದು.

ಮನೆಯಲ್ಲಿ ಮಾಡತಕ್ಕದ್ದು

ಮೊದಲನೆಯ ಕೆಲಸವು ಮನೆಯಲ್ಲಿಯೇ ಆಗಬೇಕು. ಹಿತ್ತಲಿರುವ ಪ್ರತಿಯೊಂದು ಮನೆಯವರೂ ಬಚ್ಚಲ ನೀರನ್ನು ಬೀದಿಗೆ ಬಿಡದೆ ಬಾಳೆ, ತೆಂಗು, ನುಗ್ಗೆಗಳ ಬುಡಕ್ಕೆ ಹಾಯಿಸಬಹುದು. ಉಳಿದ ನೀರಿಗೆ ಇಂಗುಗುಂಡಿಯನ್ನು ತೋಡಬೇಕು. ಉದ್ದ, ಅಗಲ, ಆಳ ಮೂರು ಮೂರಡಿಯ ಗುಂಡಿಯಲ್ಲಿ ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಮೇಲ್ಗಡೆ ಜಲ್ಲಿಯನ್ನು ತುಂಬಿ ಮುಚ್ಚಬೇಕು. ನೀರು ಗುಂಡಿಗೆ ಬೀಳುವುದಕ್ಕೆ ಮುಂಚೆ ಜಿಡ್ಡೂ ಮುಸುರೆಯೂ ತಂಗುವಂತೆ ಚಿಕ್ಕ ತೊಟ್ಟಿಯೊಂದನ್ನು ಇಟ್ಟು ವಾರಕ್ಕೊಮ್ಮೆ ಬರಿದುಮಾಡಬೇಕು. ಈ ತೊಟ್ಟಿಯಿಲ್ಲದ ಇಂಗುಗುಂಡಿಯು ಒಂದೆರಡು ವರ್ಷಗಳಲ್ಲಿ ಕಟ್ಟಿಕೊಳ್ಳುವುದು. ಆಗ ಜನರು ಇಂಗುಗುಂಡಿಯನ್ನೇ ದೂರುತ್ತಾರೆ.

ಕುಡಿಯುವ ನೀರಿನ ಬಾವಿಗೆ ಗುಂಡಿಯು ಕನಿಷ್ಠ ೫೦ ಅಡಿ ದೂರವಿರಬೇಕು. ಅದೂ ಇಳಿಜಾರಿನ ಕಡೆಗಿರಬೇಕು. ಎರೆಭೂಮಿಯಲ್ಲಿ ನೀರು ಇಂಗದು; ಬಂಡೆಯ ನೆಲದಲ್ಲಿ ಇಂಗಿದ ನೀರು ಬಿರುಕುಗಳ ಮೂಲಕ ನೇರವಾಗಿ ಬಾವಿಗೇ ಇಳಿಯಬಹುದು; ಮಲೆನಾಡು ಕರಾವಳಿಗಳಲ್ಲಿ ಮಳೆಗಾಲದಲ್ಲಿ ಅಂತರ್ಜಲವು ಗುಂಡಿಯವರೆಗೂ ಏರುವುದು. ಇಂಥ ಕಡೆಗಳಲ್ಲಿ ಇಂಗುಗುಂಡಿಯನ್ನು ನೆಚ್ಚದೆ ಊರಿಗೆ ಒಟ್ಟಾಗಿ ಏರ್ಪಾಡುಮಾಡುವುದೇ ಲೇಸು.

ಊರಿಗೆ ಒಟ್ಟಾಗಿ ಮಾಡತಕ್ಕದ್ದು

ಹಿತ್ತಲಿಲ್ಲದ ಮನೆಗಳ ನೀರು ಮೋರಿಗೆ ಬಂದೇ ಬರುವುದು. ಆ ಮೋರಿಯ ಕೊನೆಯಲ್ಲಿ, ಕೆರೆಗೆ ಅಥವಾ ಹಳ್ಳಕ್ಕೆ ಬೀಳುವುದಕ್ಕೆ ಮುಂಚೆ, ನೀರು ತನ್ನ ಇಳಿಜಾರಿನಿಂದಲೇ ಹರಿಯುವಂತೆ ಈ ಕೆಳಗಣ ಅಂಗಗಳನ್ನು ಒಂದರ ಕೆಳಗೊಂದು ಏರ್ಪಡಿಸಬೇಕು.

ಮೊದಲನೆಯದು ಕಂಬಿಯ ಜಾಲರಿ; ಇದು ಪ್ಲಾಸ್ಟಿಕ್ಕು, ಚಿಂದಿ, ಕಡ್ಡಿಗಳನ್ನು ತಡೆಯುವುದು. ಎರಡನೆಯದು ಮರಳು ತಂಗುವ ಚಿಕ್ಕ ತೊಟ್ಟಿ. ಮೂರನೆಯದು ಒಂದು ದಿನದ ನೀರನ್ನು ಹಿಡಿಯುವ ಮುಚ್ಚಿದ ತೊಟ್ಟಿ. ಅದರಲ್ಲಿ ಅಡ್ಡಗೋಡೆಗಳನ್ನಿಟ್ಟು ನೀರು ಕೆಳಗೂ ಮೇಲೂ ಬಳಸಿ ಹೋಗುವಂತೆ ಮಾಡಿದರೆ ಕೆಸರು ತಳಕ್ಕಿಳಿದು ಅಲ್ಲಿಯೇ ಜೀರ್ಣವಾಗುವುದು. ನಾಲ್ಕನೆಯದು ಎರಡಡಿ ಆಳಕ್ಕೆ ಜಲ್ಲಿಯನ್ನು ತುಂಬಿ ಜೊಂಡನ್ನೋ ಕಾಬಾಳೆಯನ್ನೋ ನೆಟ್ಟ ಹಾಸು. ನೀರು ಜಲ್ಲಿಯ ಮೇಲೆ ಕಾಣದೆ ಒಳಗೊಳಗೇ ಹರಿಯುವುದು. ಕಲ್ಲಿಗೂ ಬೇರಿಗೂ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುವುವು. ಮೇಲೆ ನೀರು ನಿಲ್ಲದಿರುವುದರಿಂದ ಸೊಳ್ಳೆಗೆ ಅವಕಾಶವಿಲ್ಲ. ಐದನೆಯದು ನಾಲ್ಕಡಿ ಆಳದ ಎರಡು ಮೂರು ಕೊಳಗಳು. ಇಲ್ಲಿ ಬಿಸಿಲಿನಲ್ಲಿ ಬೆಳೆಯುವ ಹಸಿರು ಪಾಚಿಯು ನೀರಿಗೆ ಪ್ರಾಣವಾಯುವನ್ನು ಕೊಡುವುದು; ಸೂಕ್ಷ್ಮಜೀವಿಗಳು ಅದನ್ನು ಪಡೆದು ಪಾಚಿಗೆ ಬೇಕಾದ ಇಂಗಾಲಾಮ್ಲವಾಯುವನ್ನು ಕೊಡುವುವು. ಈ ಕೊಡುಕೊಳ್ಳುವಿಕೆಗೆ ಯಂತ್ರವೂ ಬೇಡ, ಕೂಲಿಯೂ ಬೇಡ. ಎಂಟರಿಂದ ಹತ್ತು ದಿನ ನೀರು ಹೀಗೆ ನಿಂತು ಸಾಗಿದರೆ ಜಂತುಹುಳುಗಳ ಮೊಟ್ಟೆಗಳು ಬಹುಮಟ್ಟಿಗೆ ತಳಕ್ಕಿಳಿಯುವುವು. ರೋಗಾಣುಗಳು ಬಿಸಿಲಿಗೆ ಸಾಯುವುವು.

ಮೇಲೆ ಹೇಳಿದ ಸಾವಿರ ಜನರ ಗ್ರಾಮಕ್ಕೆ ಹತ್ತು ದಿನಗಳ ನೀರು ೩೬೦ ಘನ ಮೀಟರ್. ನಾಲ್ಕಡಿ ಆಳದ ಕೊಳಗಳಿಗೆ ಸುಮಾರು ಮೂರು ಗುಂಟೆ, ಜಲ್ಲಿಯ ಹಾಸಿಗೆ ಎರಡು ಎರಡೂವರೆ ಗುಂಟೆ, ತೊಟ್ಟಿ, ಏರಿ, ದಾರಿ, ಕೆಸರನ್ನು ಒಣಗಿಸುವ ಕಣ ಇವುಗಳಿಗೆ ಉಳಿದದ್ದು. ಒಟ್ಟು ಹತ್ತು ಗುಂಟೆ, ಎಂದರೆ ಕಾಲು ಎಕರೆ ನೆಲ. ಇದು ಸ್ಥೂಲವಾದ ಅಂದಾಜು. ನೀರನ್ನು ಅಳೆದು, ಮಣ್ಣನ್ನು ಪರೀಕ್ಷಿಸಿ, ಎಂಜಿನಿಯರರಿಂದ ನಕ್ಷೆಯನ್ನು ಮಾಡಿಸಿಯೇ ಕೆಲಸಕ್ಕೆ ಕೈಹಾಕಬೇಕು. ನೀರು ಬೇಗ ಇಂಗುವ ನೆಲವಾದರೆ ಕೊಳದ ತಳಕ್ಕೆ ಜೇಡಿಮಣ್ಣನ್ನು ತುಳಿಸಬೇಕು. ಊರು ಬೆಳೆಯುವುದೆಂಬುದನ್ನು ನೆನೆದು ಇದರ ಎರಡರಷ್ಟು ನೆಲವನ್ನು ಕಾದಿರಿಸುವುದು ದೂರದೃಷ್ಟಿ.

ಇಂಥ ಏರ್ಪಾಡನ್ನು ಕಣ್ಣಾರೆ ನೋಡಬೇಕೆನ್ನುವವರು ಯಲಹಂಕದ ಸಮೀಪದ ಜಕ್ಕೂರು ಕೆರೆಗೆ ಹೋಗಬಹುದು. ಅಲ್ಲಿ ಸ್ಥಾವರದಿಂದ ಹೊರಟ ನೀರು ನೇರವಾಗಿ ಕೆರೆಗೆ ಬೀಳದೆ, 'ಜೌಗು' ಎನ್ನುವ ಜೊಂಡು ಬೆಳೆದ ತಗ್ಗುನೆಲದಲ್ಲಿ ಹಾದು ತರುವಾಯ ಕೆರೆಯನ್ನು ಸೇರುತ್ತದೆ. ಪ್ರಮಾಣವು ಹಳ್ಳಿಯದಕ್ಕಿಂತ ಬಹಳ ದೊಡ್ಡದಾದರೂ ತತ್ತ್ವವು ಒಂದೇ.

ಪಾಯಿಖಾನೆಯ ವಿಚಾರ

ಪಾಯಿಖಾನೆಯ ನೀರನ್ನು ಬಚ್ಚಲ ನೀರಿನೊಡನೆ ಎಂದಿಗೂ ಬೆರೆಸಕೂಡದು. ವಾಂತಿಭೇದಿ, ವಿಷಮಶೀತ ಜ್ವರ, ಆಮಶಂಕೆ, ಕೊಕ್ಕೆಹುಳು ಇವೆಲ್ಲದರ ಬೀಜವು ಅಲ್ಲಿಯೇ ಇರುವುದು. ನೀರು ಇಂಗುವ ನೆಲದಲ್ಲಿ ಅವಳಿ ಗುಂಡಿಯ ಪಾಯಿಖಾನೆಯು ಹಳ್ಳಿಗೆ ಬಹಳ ಒಪ್ಪುವುದು. ಒಂದು ಗುಂಡಿಯು ತುಂಬಿದೊಡನೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿದ ಗುಂಡಿಯನ್ನು ಎರಡು ವರ್ಷ ಮುಟ್ಟದಿದ್ದರೆ ಅದರೊಳಗಿನದು ನಾತವಿಲ್ಲದ ಒಣ ಗೊಬ್ಬರವಾಗುವುದು. ಎರಡು ಗುಂಡಿಗಳನ್ನೂ ಒಮ್ಮೆಗೇ ಬಳಸುವವರು ಈ ಲಾಭವನ್ನು ಕಳೆದುಕೊಳ್ಳುತ್ತಾರೆ.

ಸೆಪ್ಟಿಕ್ ಟ್ಯಾಂಕನ್ನು ಕಟ್ಟಿಸಿರುವ ಅನುಕೂಲಸ್ಥರು ಒಂದು ತಪ್ಪನ್ನು ಮಾಡುತ್ತಾರೆ. ಟ್ಯಾಂಕಿನಿಂದ ಹೊರಬೀಳುವ ನೀರು ಶುದ್ಧವಾಯಿತೆಂದು ತಿಳಿದು ಅದನ್ನು ಮೋರಿಗೆ ಬಿಡುತ್ತಾರೆ. ಅದು ಶುದ್ಧವಲ್ಲ, ಗಟ್ಟಿಯಾದದ್ದು ತಂಗಿದೆ, ಅಷ್ಟೆ. ಆ ನೀರು ಇಂಗುಗುಂಡಿಗೇ ಹೋಗಬೇಕು. ಟ್ಯಾಂಕು ತುಂಬಿದಾಗ ಹೀರುವ ಲಾರಿಯವರು ಕೆಸರನ್ನು ಕೆರೆಯಂಗಳದಲ್ಲಿಯೋ ಹಳ್ಳದಲ್ಲಿಯೋ ಸುರಿದುಹೋಗದಂತೆ ಮುಖಂಡರು ಎಚ್ಚರವಹಿಸಬೇಕು. ಇಂಥ ಕೆಸರನ್ನು ಶುದ್ಧಮಾಡುವ ಸ್ಥಾವರವೊಂದು ೨೦೧೫ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾಯಿತು. ಭಾರತದಲ್ಲಿ ಮೊದಲು ಸ್ಥಾಪಿತವಾದುವುಗಳಲ್ಲಿ ಅದೊಂದು. ಅಕ್ಕಪಕ್ಕದ ಹತ್ತಾರು ಗ್ರಾಮಗಳು ಕೂಡಿ ಇಂಥದೊಂದನ್ನು ಹೊಂದಬಹುದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಟ್ಯಾಂಕಿಗೂ ಗುಂಡಿಗೂ ಮನುಷ್ಯನನ್ನು ಇಳಿಸಕೂಡದು. ಅಲ್ಲಿ ಕೂಡಿಕೊಂಡ ವಿಷವಾಯುವು ಕ್ಷಣಮಾತ್ರದಲ್ಲಿ ಪ್ರಾಣವನ್ನು ತೆಗೆಯುವುದು. ರಕ್ಷಿಸಲು ಇಳಿದವನೂ ಮೇಲೆ ಬರುವುದಿಲ್ಲ. ಮಲವನ್ನು ಬಾಚುವ ಕೆಲಸಕ್ಕೆ ಮನುಷ್ಯರನ್ನು ನೇಮಿಸುವುದನ್ನು ೨೦೧೩ರ ಕಾಯಿದೆಯು ಅಪರಾಧವೆಂದು ವಿಧಿಸಿದೆ. ಕಾಯಿದೆಗಿಂತ ಮಿಗಿಲಾದದ್ದು ಧರ್ಮ. ಊರಿನವರೆಲ್ಲರ ಕೊಳೆಯನ್ನು ಒಂದು ಕುಲದವರ ತಲೆಯ ಮೇಲೆ ಹೊರಿಸುವ ಪದ್ಧತಿಯು ನಿಲ್ಲಬೇಕಾದರೆ ಹೊರುವ ಅಗತ್ಯವೇ ಇಲ್ಲದ ಏರ್ಪಾಡನ್ನು ಯಜಮಾನರು ಮಾಡಬೇಕು.

ಜಮೀನಿಗೆ ಹಾಯಿಸುವಾಗ

ಕೊಳೆ ನೀರಿನಲ್ಲಿ ಸಾರಜನಕವೂ ರಂಜಕವೂ ಇರುವುದರಿಂದ ಅದು ನೀರೂ ಹೌದು, ಗೊಬ್ಬರವೂ ಹೌದು. ಆದರೆ ಶುದ್ಧಿಮಾಡದೆ ಹಾಯಿಸಿದರೆ ಲಾಭಕ್ಕಿಂತ ಕೇಡೇ ಹೆಚ್ಚು. ಹುಬ್ಬಳ್ಳಿ ಧಾರವಾಡಗಳ ಕೊಳೆಯ ಹಳ್ಳಗಳ ನೀರನ್ನೆತ್ತಿ ಬೇಸಾಯಮಾಡುತ್ತಿದ್ದ ರೈತರನ್ನು ಕುರಿತು ಈ ಶತಮಾನದ ಆದಿಯಲ್ಲಿ ನಡೆದ ಅಧ್ಯಯನಗಳಲ್ಲಿ, ತರಕಾರಿಯು ವರ್ಷವೆಲ್ಲ ಬರುವುದಾದರೂ ಕಳೆಯೂ ಕೀಟಗಳೂ ವಿಪರೀತವಾಗಿ, ಕೆಲವರು ಹಣ್ಣಿನ ಮರಗಳ ಕಡೆಗೆ ತಿರುಗಿದರೆಂದು ಕಂಡುಬಂದಿತು. ಬರಿಗಾಲಿನಲ್ಲಿ ಆ ನೀರನ್ನು ತಿರುವುವ ಕೂಲಿಯವರಿಗೆ ಕೊಕ್ಕೆಹುಳುವಿನ ಭಯವೂ ಉಂಟು.

ವಿಶ್ವ ಆರೋಗ್ಯ ಸಂಸ್ಥೆಯು ೧೯೮೯ರಲ್ಲಿ ಕೊಟ್ಟ ಸೂಚನೆಯ ಪ್ರಕಾರ, ಹಸಿಯಾಗಿ ತಿನ್ನುವ ಬೆಳೆಗಳಿಗೆ ಹಾಯಿಸುವ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಜಂತುವಿನ ಮೊಟ್ಟೆಯೂ, ನೂರು ಮಿಲಿಲೀಟರಿಗೆ ಸಾವಿರಕ್ಕಿಂತ ಹೆಚ್ಚು ಮಲಮೂಲದ ಸೂಕ್ಷ್ಮಜೀವಿಗಳೂ ಇರಕೂಡದು. ೨೦೦೬ರಲ್ಲಿ ಆ ಸಂಸ್ಥೆಯು, ನೀರಿನ ಶುದ್ಧಿಯೊಂದನ್ನೇ ನೆಚ್ಚದೆ ಬೆಳೆಯ ಆಯ್ಕೆ, ಹಾಯಿಸುವ ಕ್ರಮ, ಕೊಯ್ಲಿಗೆ ಮುಂಚೆ ನೀರನ್ನು ನಿಲ್ಲಿಸುವುದು, ತೊಳೆಯುವುದು, ಬೇಯಿಸುವುದು ಎಂಬ ಹಲವು ತಡೆಗಳನ್ನು ಒಂದರ ಹಿಂದೊಂದು ಇಡಬೇಕೆಂದು ತಿಳಿಸಿತು. ಹಳ್ಳಿಯವರು ಅನುಸರಿಸತಕ್ಕ ನಿಯಮಗಳು ಸುಲಭವಾದುವು. ಕೊತ್ತಂಬರಿ, ಮೂಲಂಗಿ, ಸೌತೆ, ಸೊಪ್ಪುಗಳಿಗೆ ಈ ನೀರು ಬೇಡ. ಮೇವಿನ ಹುಲ್ಲು, ಹೂವು, ತೆಂಗು, ಬಾಳೆ, ಮರಮುಟ್ಟಿನ ಗಿಡಗಳಿಗೆ ಇದು ಒಪ್ಪುವುದು. ನೀರನ್ನು ಎರಚದೆ ಬುಡಕ್ಕೇ ಸಾಲಿನಲ್ಲಿ ಬಿಡಬೇಕು. ಕೆಲಸ ಮಾಡುವವರಿಗೆ ಕಾಲಿಗೆ ಬೂಟೂ ಕೈ ತೊಳೆಯಲು ಸೋಪೂ ಇರಬೇಕು.

ಸಾಬೂನು ಪುಡಿಗಳಲ್ಲಿರುವ ಸೋಡಿಯಂ ಲವಣವು ವರ್ಷಾನುಗಟ್ಟಲೆ ಒಂದೇ ನೆಲಕ್ಕೆ ಬಿದ್ದರೆ ಮಣ್ಣು ಗಡುಸಾಗಿ ಚೌಳಾಗುವುದು. ಆದುದರಿಂದ ಹೊಲವನ್ನು ಆಗಾಗ ಬದಲಾಯಿಸಿ ಹಾಯಿಸಬೇಕು. ಮಣ್ಣನ್ನು ಪರೀಕ್ಷೆ ಮಾಡಿಸಿ ಅಗತ್ಯವಿದ್ದರೆ ಜಿಪ್ಸಮ್ಮನ್ನು ಹಾಕಬೇಕು. ನೀರು ಹೆಚ್ಚಾದರೆ ಸಾರಜನಕವು ಅಂತರ್ಜಲಕ್ಕೆ ಇಳಿದು ನೈಟ್ರೇಟಾಗುವುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೪೫ ಮಿಲಿಗ್ರಾಮನ್ನು ಮೀರಕೂಡದೆಂದು ನಿಯಮವಿದೆ. ಮೀರಿದರೆ ಎಳೆಯ ಕೂಸುಗಳ ಮೈ ನೀಲಿಗಟ್ಟುವ ರೋಗವು ಬರಬಹುದು. ತೊಟ್ಟಿಯ ಕೆಸರನ್ನು ಕಣದಲ್ಲಿ ಚೆನ್ನಾಗಿ ಒಣಗಿಸಿ, ಕಸಕಡ್ಡಿಗಳೊಡನೆ ಗುಂಡಿಯಲ್ಲಿ ಪದರ ಪದರವಾಗಿ ತುಂಬಿ ಮಣ್ಣು ಮುಚ್ಚಿ, ಆರರಿಂದ ಎಂಟು ತಿಂಗಳು ಬಿಟ್ಟರೆ ಒಳ್ಳೆಯ ಗೊಬ್ಬರವಾಗುವುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಚಾರ್ಯ ಎಂಬುವರು ೧೯೩೯ರ ಸುಮಾರಿಗೆ ರೂಪಿಸಿದ ಈ ಕ್ರಮಕ್ಕೆ ಬೆಂಗಳೂರು ಪದ್ಧತಿಯೆಂದೇ ಹೆಸರು.

ಖರ್ಚೂ ಮೇಲ್ವಿಚಾರಣೆಯೂ

೨೦೨೦ರಲ್ಲಿ ಆರಂಭವಾದ ಗ್ರಾಮೀಣ ಸ್ವಚ್ಛ ಭಾರತ ಯೋಜನೆಯ ಎರಡನೆಯ ಹಂತದಲ್ಲಿ, ೫,೦೦೦ ಜನಸಂಖ್ಯೆಯವರೆಗಿನ ಗ್ರಾಮಗಳ ಬಚ್ಚಲ ನೀರಿನ ಕಾಮಗಾರಿಗಳಿಗೆ ತಲೆಗೆ ೨೮೦ ರೂಪಾಯಿಗಳವರೆಗೂ, ಅದಕ್ಕಿಂತ ದೊಡ್ಡ ಗ್ರಾಮಗಳಿಗೆ ೬೬೦ ರೂಪಾಯಿಗಳವರೆಗೂ ಧನವನ್ನು ಗೊತ್ತುಮಾಡಲಾಗಿತ್ತು. ಆ ಲೆಕ್ಕದಿಂದ ಸಾವಿರ ಜನರ ಗ್ರಾಮಕ್ಕೆ ೨,೮೦,೦೦೦ ರೂಪಾಯಿಗಳಾಯಿತು. ಸದ್ಯದಲ್ಲಿ ಯಾವ ಅನುದಾನಗಳು ದೊರೆಯುವುವೆಂಬುದನ್ನು ತಾಲ್ಲೂಕು ಪಂಚಾಯಿತಿಯ ಕಚೇರಿಯಲ್ಲಿ ವಿಚಾರಿಸಬೇಕು. ಹಣವು ಸರ್ಕಾರದಿಂದ ಬಂದರೂ ನೆಲವು ಊರಿನಿಂದಲೇ ಬರಬೇಕೆಂಬುದನ್ನು ಮರೆಯಬಾರದು.

ಕಟ್ಟಿದ್ದು ಉಳಿಯುವುದು ಮೇಲ್ವಿಚಾರಣೆಯಿಂದ. ಹಿಂದೆ ಕೆರೆಗೆ ನೀರುಗಂಟಿಯಿದ್ದಂತೆ ಈ ಕೊಳಕ್ಕೂ ಒಬ್ಬ ಗೊತ್ತಾದ ಸಂಬಳದ ಆಳು ಇರಬೇಕು. ದಿನಾಲೂ ಜಾಲರಿಯನ್ನು ಬಾಚುವುದು, ವಾರಕ್ಕೊಮ್ಮೆ ಮರಳನ್ನು ತೆಗೆಯುವುದು, ಏರಿಯ ಹುಲ್ಲನ್ನು ಕೊಯ್ದು ಸೊಳ್ಳೆಗೆ ಆಸರೆಯಿಲ್ಲದಂತೆ ಮಾಡುವುದು, ಜೊಂಡು ಬಲಿತಾಗ ಕತ್ತರಿಸುವುದು, ಎರಡು ಮೂರು ವರ್ಷಗಳಿಗೊಮ್ಮೆ ಯಂತ್ರದಿಂದ ಕೆಸರನ್ನು ಎತ್ತಿಸುವುದು, ಕೆಲಸವು ಇಷ್ಟೇ. ಹುಲ್ಲನ್ನೂ ನೀರನ್ನೂ ಹರಾಜಿನಲ್ಲಿ ಕೊಟ್ಟು ಬಂದ ಹಣವನ್ನು ಈ ಸಂಬಳಕ್ಕೇ ಮೀಸಲಿಟ್ಟರೆ ಯಾರನ್ನೂ ಬೇಡಬೇಕಾಗಿಲ್ಲ.

ಮುಖಂಡರಲ್ಲಿ ವಿಜ್ಞಾಪನೆ

ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯದಲ್ಲಿ ಮಾಡಬೇಕಾದ ಮೊದಲನೆಯ ಕೆಲಸಕ್ಕೆ ಹಣವೇನೂ ಬೇಡ. ಮುಂಗಾರಿನ ಮೊದಲ ಮಳೆ ಬಿದ್ದ ದಿನ ಊರಿನ ನೀರಿನ ಜಾಡನ್ನು ಹಿಡಿದು ನಾಲ್ವರು ಹಿರಿಯರು ನಡೆದುಹೋಗಲಿ. ಯಾರ ಮನೆಯ ನೀರು ಯಾರ ಬಾಗಿಲಿನಲ್ಲಿ ನಿಲ್ಲುತ್ತದೆ, ಯಾವ ಬಾವಿಯ ಮಗ್ಗುಲಲ್ಲಿ ಹಾಯುತ್ತದೆ, ಕೆರೆಯನ್ನು ಎಲ್ಲಿ ಸೇರುತ್ತದೆ ಎಂಬುದನ್ನು ಕಣ್ಣಾರೆ ನೋಡಲಿ. ಆ ಜಾಡಿನ ಕೊನೆಯಲ್ಲಿರುವ ತಗ್ಗುನೆಲವು ಗ್ರಾಮದ್ದಾದರೆ ಇದೇ ಕಾರ್ಯಕ್ಕೆಂದು ಪಂಚಾಯಿತಿಯಲ್ಲಿ ನಿರ್ಣಯಮಾಡಿ ದಾಖಲೆಗೆ ತರಲಿ. ಖಾಸಗಿಯವರದಾದರೆ ನಿವೇಶನಗಳ ವ್ಯಾಪಾರಿಯು ಬರುವುದಕ್ಕೆ ಮುಂಚೆ ಮಾತುಕತೆಯನ್ನು ಮುಗಿಸಲಿ. ಊರಿನಲ್ಲಿ ಕಾರ್ಖಾನೆಯೋ ಗ್ಯಾರೇಜೋ ಬರುವುದಾದರೆ ಅದರ ನೀರನ್ನು ಮೋರಿಗೆ ಬಿಡದಂತೆ ಮೊದಲ ದಿನವೇ ಕರಾರುಮಾಡಿಕೊಳ್ಳಲಿ.

ಲಗ್ಗೆರೆಯಲ್ಲಿ ಇಂದು ಹತ್ತು ಗುಂಟೆ ನೆಲವನ್ನು ಕೊಳ್ಳುವುದು ಎಷ್ಟರ ಮಾತೆಂಬುದನ್ನು ಬೆಂಗಳೂರಿನ ಬೆಲೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಅದು ಇನ್ನೂ ಬರಿಯ ತಗ್ಗಿನ ನೆಲ. ಕೆರೆಯನ್ನು ಕಟ್ಟಿದ ಹಿರಿಯರು ನೀರು ಬರುವ ದಾರಿಯನ್ನು ನೋಡಿ ನಮಗೆ ಕೊಟ್ಟುಹೋದರು. ನೀರು ಹೋಗುವ ದಾರಿಯನ್ನು ನೋಡಿ ಮಕ್ಕಳಿಗೆ ಕೊಡುವುದು ನಮ್ಮ ಪಾಲಿನ ಕೆಲಸ.